ಒಣಗದ ಗಾಯ: ಹೊಸ ಚಿಕಿತ್ಸೆಗಳು ಏನು ಮಾಡುತ್ತವೆ, ಏನು ಮಾಡಲಾರವು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಳ್ಳಲಾಗಿದೆ.)



ನಾನು ಓದಿದ್ದು ಬಿ.ಕಾಂ. ಇಲ್ಲಿ ಸಾಮಾನ್ಯವಾಗಿ ಮಾತಾಡೋದು ಇನ್ಶೂರೆನ್ಸ್, ಸಾಲ, ತೆರಿಗೆ ಇಂಥದ್ದರ ಬಗ್ಗೆ. ಇವತ್ತು ಇದ್ದಕ್ಕಿದ್ದಂತೆ ಗಾಯದ ವಿಷಯಕ್ಕೆ ಯಾಕೆ ಬಂದೆ ಅಂದ್ರೆ, ಅದಕ್ಕೆ ಕಾರಣ ನನ್ನ ಮೇಜಿನ ಮೇಲಿರೋ ಒಂದು ಪ್ಲಾಸ್ಟಿಕ್ ಫೈಲು. ಅದರಲ್ಲಿ ನಮ್ಮ ದೊಡ್ಡಪ್ಪನ ಎಡಗಾಲಿನ ಒಂದೇ ಒಂದು ಗಾಯದ ರಸೀದಿಗಳಿವೆ. ಮನೆಯಲ್ಲಿ ಲೆಕ್ಕ ಓದಿದವನು ನಾನೊಬ್ಬನೇ ಅಂತ ಬಿಲ್ಲುಗಳೆಲ್ಲ ನನ್ನ ಹತ್ರ ಬಂದು ಸೇರಿದವು.

ದೊಡ್ಡಪ್ಪನದು ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ. ಬೆಳಿಗ್ಗೆ ಮಂಡಿಗೆ ಹೋದರೆ ಸಂಜೆವರೆಗೂ ನಿಂತೇ ಇರೋ ಕೆಲಸ. ಶುಗರ್ ಬಂದು ಹದಿನಾರು ವರ್ಷ ಆಗಿತ್ತು. ಒಂದು ದಿನ ಮನೆಗೆ ಬಂದು ಚಪ್ಪಲಿ ಬಿಟ್ಟಾಗ ನೆಲದ ಮೇಲೆ ರಕ್ತದ ಗುರುತು. ಚಪ್ಪಲಿಯ ಅಟ್ಟೆಯಿಂದ ಒಂದು ಮೊಳೆ ಮೇಲೆದ್ದು, ಹೆಬ್ಬೆರಳಿನ ಬುಡದಲ್ಲಿ ಚುಚ್ಚಿ ತೂತು ಮಾಡಿತ್ತು. ಎಷ್ಟು ಹೊತ್ತಿನಿಂದ ಚುಚ್ಚುತ್ತಿತ್ತೋ ಅವರಿಗೆ ಗೊತ್ತೇ ಆಗಿರಲಿಲ್ಲ. ನಾವೆಲ್ಲ ಗಾಬರಿಯಾದರೆ ಅವರು ನಗ್ತಾ ಹೇಳಿದ್ದು ಇಷ್ಟೇ: "ನೋವೇ ಇಲ್ಲ ಕಣೋ. ನೋವಿಲ್ಲದ ಗಾಯ ಅದೆಂಥ ಗಾಯ?"

ಆ ನೋವಿಲ್ಲದ ಗಾಯ ಐದು ತಿಂಗಳು ಒಣಗಲಿಲ್ಲ. ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಆಯ್ತು. ದುಬಾರಿ ಜೆಲ್ ಟ್ಯೂಬುಗಳು ಬಂದವು. ಆ್ಯಂಟಿಬಯಾಟಿಕ್ ಮೂರು ಸಲ ಬದಲಾಯ್ತು. ಕೊನೆಗೆ ಸೋಂಕು ಮೂಳೆಗೆ ಇಳಿದು ಎರಡು ಬೆರಳು ತೆಗೆಯಬೇಕಾಯ್ತು. ಆಮೇಲೆ ಇನ್ನೊಂದು ಆಸ್ಪತ್ರೆಗೆ ಹೋದಾಗ, ಅಲ್ಲಿನ ಸರ್ಜನ್ ಗಾಯ ನೋಡೋಕೆ ಮುಂಚೆ ಒಂದು ಪ್ರಶ್ನೆ ಕೇಳಿದರು: "ಈ ಕಾಲಿನ ಮೇಲೆ ದಿನಕ್ಕೆ ಎಷ್ಟು ಹೊತ್ತು ನಿಲ್ತೀರಿ, ಯಜಮಾನ್ರೇ?"

ಐದು ತಿಂಗಳಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಮನೆಯವರಾದ ನಾವೂ ಕೇಳಿರಲಿಲ್ಲ. ಊರಿಗೆ ಹೋದಾಗಲೆಲ್ಲ ನಾನೇ ಅವರನ್ನ ಬೈಕಿನಲ್ಲಿ ಕೂರಿಸಿಕೊಂಡು ಮಂಡಿಗೆ ಬಿಟ್ಟು ಬರ್ತಿದ್ದೆ.

ಇವತ್ತಿನ ಸಂಚಿಕೆ ಆ ಪ್ರಶ್ನೆಯ ಬಗ್ಗೆ. ಗಾಯ ಒಣಗಿಸೋಕೆ ಈಗ ಏನೇನು ಹೊಸ ಚಿಕಿತ್ಸೆ ಬಂದಿವೆ, ಅವು ಹೇಗೆ ಕೆಲಸ ಮಾಡ್ತವೆ ಅಂತ ಹೇಳ್ತೀನಿ. ಅದರ ಜೊತೆಗೆ, ಅವೆಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ ಯಾವುದು ಅಂತಲೂ ಹೇಳ್ತೀನಿ. ನಾನು ಡಾಕ್ಟರ್ ಅಲ್ಲ. ಇದನ್ನ ಕೇಳಿ ಯಾರೂ ತಾವೇ ಚಿಕಿತ್ಸೆ ಶುರು ಮಾಡಬೇಡಿ. ಡಾಕ್ಟರ ಮುಂದೆ ಕೂತಾಗ ಸರಿಯಾದ ಪ್ರಶ್ನೆ ಕೇಳೋಕೆ ಉಪಯೋಗ ಆದ್ರೆ ಸಾಕು.

ಗಾಯ ತಾನಾಗೇ ಹೇಗೆ ವಾಸಿಯಾಗುತ್ತೆ?

ತರಕಾರಿ ಹೆಚ್ಚುವಾಗ ಬೆರಳು ಕುಯ್ದುಕೊಂಡ್ರಿ ಅಂತ ಇಟ್ಕೊಳ್ಳಿ. ಮೊದಲು ರಕ್ತ ಹೆಪ್ಪುಗಟ್ಟುತ್ತೆ. ಈ ಕೆಲಸ ಮಾಡೋ ಪ್ಲೇಟ್‌ಲೆಟ್‌ಗಳು ಅಷ್ಟಕ್ಕೇ ಸುಮ್ಮನಾಗಲ್ಲ, "ಇಲ್ಲಿ ರಿಪೇರಿ ಇದೆ, ಬನ್ನಿ" ಅನ್ನೋ ರಾಸಾಯನಿಕ ಸಂದೇಶಗಳನ್ನೂ ಬಿಡುಗಡೆ ಮಾಡ್ತವೆ. ಆಗ ಬಿಳಿ ರಕ್ತಕಣಗಳು ಬಂದು ಬ್ಯಾಕ್ಟೀರಿಯಾ, ಸತ್ತ ಜೀವಕೋಶ ಎಲ್ಲವನ್ನೂ ಗುಡಿಸಿ ಹಾಕ್ತವೆ. ಗಾಯದ ಸುತ್ತ ಕೆಂಪಾಗೋದು, ಬಿಸಿಯಾಗೋದು, ಊದೋದು ಇದೇ ಹಂತದಲ್ಲಿ. ಮೂರನೇದು ಕಟ್ಟೋ ಹಂತ. ಹೊಸ ರಕ್ತನಾಳ, ಹೊಸ ಕೊಲಾಜೆನ್ ಬಂದು ಗಾಯದ ತಳದಲ್ಲಿ ಕೆಂಪು ಮಾಂಸ ತುಂಬುತ್ತೆ, ಅಂಚಿನಿಂದ ಚರ್ಮ ಹರಿದು ಬಂದು ಮುಚ್ಚುತ್ತೆ. ನಾಲ್ಕನೇದು ಗಟ್ಟಿಯಾಗೋ ಹಂತ. ಇದು ತಿಂಗಳುಗಟ್ಟಲೆ ನಡೆಯುತ್ತೆ. ಎಷ್ಟೇ ಗಟ್ಟಿಯಾದರೂ ಕಲೆಯಾದ ಜಾಗದ ಬಲ ಮೊದಲಿದ್ದ ಚರ್ಮದ ಶೇ 80ರಷ್ಟನ್ನು ದಾಟೋದಿಲ್ಲ. ಒಮ್ಮೆ ಗಾಯವಾದ ಜಾಗದಲ್ಲೇ ಮತ್ತೆ ಆಗೋದಕ್ಕೆ ಇದೂ ಒಂದು ಕಾರಣ.

ವಾರಗಟ್ಟಲೆ ವಾಸಿಯಾಗದ ಗಾಯ ಸಾಮಾನ್ಯವಾಗಿ ಎರಡನೇ ಹಂತದಲ್ಲಿ ಸಿಕ್ಕಿಕೊಂಡಿರುತ್ತೆ. ಗುಡಿಸೋ ಕೆಲಸ ಮುಗಿಯೋದೇ ಇಲ್ಲ, ಕಟ್ಟೋ ಕೆಲಸ ಶುರುವಾಗೋದೂ ಇಲ್ಲ. ಒಂದು ಕಡೆ ಗಾರೆ ಹಾಕ್ತಿದ್ದಂಗೆ ಇನ್ನೊಂದು ಕಡೆ ಯಾರೋ ಗೋಡೆ ಗುದ್ದುತ್ತಿದ್ದರೆ ಮನೆ ಏಳುತ್ತಾ? ಹಂಗೆ. ಈ 'ಗುದ್ದೋರು' ಯಾರು ಅನ್ನೋದೇ ಮುಖ್ಯ. ರಕ್ತ ಸರಿಯಾಗಿ ಹರೀದೇ ಇರಬಹುದು, ಸೋಂಕಿರಬಹುದು, ಸಕ್ಕರೆ ಏರಿರಬಹುದು, ಇಲ್ಲಾ ಅದೇ ಜಾಗಕ್ಕೆ ಮತ್ತೆ ಮತ್ತೆ ಒತ್ತಡ ಬೀಳ್ತಿರಬಹುದು.

ನಮ್ಮ ಮನೆಗಳಲ್ಲಿ ಒಂದು ಮಾತಿದೆ ಅಲ್ವಾ: "ಗಾಳಿಯಾಡಲಿ ಬಿಡು, ಒಣಗುತ್ತೆ." ಗಾಯ ವಾಸಿಯಾಯ್ತು ಅನ್ನೋಕೂ ನಾವು 'ಒಣಗಿತು' ಅಂತಲೇ ಅಂತೀವಿ. 1962ರಲ್ಲಿ ಜಾರ್ಜ್ ವಿಂಟರ್ ಅನ್ನೋ ಬ್ರಿಟಿಷ್ ಸಂಶೋಧಕ ಹಂದಿಗಳ ಮೇಲೆ ಒಂದು ಸರಳ ಪ್ರಯೋಗ ಮಾಡಿದ. ಕೆಲವು ಗಾಯಗಳನ್ನ ಗಾಳಿಗೆ ಬಿಟ್ಟ, ಕೆಲವನ್ನ ಪಾಲಿಥಿನ್ ಹಾಳೆಯಿಂದ ಮುಚ್ಚಿದ. ಮುಚ್ಚಿದ ಗಾಯಗಳಲ್ಲಿ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡಿತು. ಯಾಕಂದ್ರೆ ಚರ್ಮದ ಕೋಶಗಳು ತೇವ ಇರೋ ಕಡೆ ಸಲೀಸಾಗಿ ಸರಿದಾಡ್ತವೆ. ಮೇಲೆ ಹಕ್ಕಳೆ ಕಟ್ಟಿಬಿಟ್ಟರೆ ಅದರ ಕೆಳಗೆ ತೂರಿಕೊಂಡು ಹೋಗಬೇಕು. ಇವತ್ತು ಮೆಡಿಕಲ್ ಶಾಪಿನಲ್ಲಿ ಸಿಗೋ ಜೆಲ್, ಫೋಮ್, ತೆಳು ಫಿಲ್ಮ್ ಡ್ರೆಸ್ಸಿಂಗ್‌ಗಳೆಲ್ಲ ನಿಂತಿರೋದು ಈ ತಿಳಿವಳಿಕೆ ಮೇಲೆ. ಅಂದ್ರೆ ಗಾಯ ಒದ್ದೆಮುದ್ದೆ ಆಗಬಾರದು, ಪೂರ್ತಿ ಒಣಗಲೂಬಾರದು. ಕಾಫಿಪುಡಿ ಮೆತ್ತೋದಂತೂ ಬೇಡವೇ ಬೇಡ.

ಗಾಳಿ ಎಳೆಯೋ ಯಂತ್ರ

ಈಗ ಹೊಸ ಚಿಕಿತ್ಸೆಗಳಿಗೆ ಬರೋಣ. ದೊಡ್ಡ ಆಸ್ಪತ್ರೆಗಳಲ್ಲಿ 'ವ್ಯಾಕ್ ಹಾಕ್ತೀವಿ' ಅಂತಾರಲ್ಲ, ಮೊದಲು ಅದು. ಗಾಯದೊಳಗೆ ಸ್ಪಂಜಿನಂಥ ಫೋಮ್ ಇಟ್ಟು, ಮೇಲೆ ಗಾಳಿ ಹೋಗದಂತೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಒಂದು ಕೊಳವೆಯಿಂದ ಸಣ್ಣ ಪಂಪಿಗೆ ಜೋಡಿಸ್ತಾರೆ. ಪಂಪು ಮೆಲ್ಲಗೆ ಹೀರ್ತಾ ಇರುತ್ತೆ. ಸಾಮಾನ್ಯವಾಗಿ 125 ಎಂಎಂ ಪಾದರಸದಷ್ಟು ಹೀರುವಿಕೆ. ಅಮೆರಿಕದ ನಾರ್ತ್ ಕೆರೊಲಿನಾದ ಲೂಯಿಸ್ ಅರ್ಜೆಂಟಾ ಮತ್ತು ಮೈಕೆಲ್ ಮೊರಿಕ್ವಾಸ್ 1997ರಲ್ಲಿ ಪ್ರಕಟಿಸಿದ ಕೆಲಸದಿಂದ ಇದು ಜಗತ್ತಿಗೆಲ್ಲ ಹರಡಿತು. ಹೀರುವಿಕೆಯಿಂದ ಕೆಟ್ಟ ನೀರು ಹೊರಗೆ ಹೋಗುತ್ತೆ, ಊತ ಇಳಿಯುತ್ತೆ, ಗಾಯದ ಅಂಚುಗಳು ಹತ್ತಿರ ಬರ್ತವೆ, ತಳದಲ್ಲಿ ಕೆಂಪು ಮಾಂಸ ಬೇಗ ಏಳುತ್ತೆ.

ಇದಕ್ಕೆ ದುಬಾರಿ ಯಂತ್ರವೇ ಬೇಕು ಅಂತಿಲ್ಲ. ನಮ್ಮ ದೇಶದ ಎಷ್ಟೋ ಸರ್ಜನ್‌ಗಳು ವಾರ್ಡಿನ ಗೋಡೆಯಲ್ಲೇ ಇರೋ ಸಕ್ಷನ್ ಕೊಳವೆಗೆ ಜೋಡಿಸಿ ಇದೇ ಕೆಲಸ ಮಾಡ್ತಾರೆ. ಬೆರಳು ತೆಗೆದ ಮೇಲೆ ದೊಡ್ಡಪ್ಪನಿಗೆ ಎರಡು ವಾರ ಹಾಕಿದ್ದು ಇದನ್ನೇ. ಆ ತಗ್ಗು ತುಂಬಿದ್ದನ್ನ ನಾನೇ ಕಣ್ಣಾರೆ ನೋಡಿದೆ. ಆದರೆ ಮಧುಮೇಹಿಗಳ ಪಾದದ ಬಗ್ಗೆ ಮಾರ್ಗಸೂಚಿ ಕೊಡೋ ಅಂತಾರಾಷ್ಟ್ರೀಯ ತಜ್ಞರ ಗುಂಪು 2023ರಲ್ಲಿ ಹೇಳಿದ್ದನ್ನ ಗಮನಿಸಿ: ಆಪರೇಷನ್ ಆದ ಮೇಲಿನ ಗಾಯಕ್ಕೆ ಇದನ್ನ ಪರಿಗಣಿಸಬಹುದು, ಆಪರೇಷನ್ ಆಗದ ಮಾಮೂಲಿ ಹುಣ್ಣಿಗೆ ಬೇಡ. ಒಂದೇ ಯಂತ್ರ, ಗಾಯದ ಬಗೆ ಬೇರೆಯಾದರೆ ಸಲಹೆಯೂ ಬೇರೆ.

ಬೆಳವಣಿಗೆಯ ಸಂದೇಶ ಹೊತ್ತ ಜೆಲ್

ನಮ್ಮ ಫೈಲಿನ ದೊಡ್ಡ ಮೊತ್ತ ಹೋಗಿದ್ದು ಇದಕ್ಕೆ. ಆಗಲೇ ಹೇಳಿದೆನಲ್ಲ, ಗಾಯವಾದಾಗ ಕೋಶಗಳು ರಾಸಾಯನಿಕ ಸಂದೇಶ ಕಳಿಸ್ತವೆ ಅಂತ. ಅವಕ್ಕೆ ಗ್ರೋತ್ ಫ್ಯಾಕ್ಟರ್ ಅಂತಾರೆ. ಅಂಥದ್ದೊಂದನ್ನ ಸ್ಟ್ಯಾನ್ಲಿ ಕೋಹೆನ್ ಅನ್ನೋ ವಿಜ್ಞಾನಿ ಇಲಿಗಳ ಜೊಲ್ಲಿನ ಗ್ರಂಥಿಯಿಂದ ಕಂಡುಹಿಡಿದು 1986ರಲ್ಲಿ ನೊಬೆಲ್ ಹಂಚಿಕೊಂಡರು. ಆ ಸಂದೇಶಗಳನ್ನ ಕಾರ್ಖಾನೆಯಲ್ಲೇ ತಯಾರಿಸಿ ಗಾಯಕ್ಕೆ ಹಚ್ಚಿದರೆ ಹೇಗೆ ಅನ್ನೋದು ಮುಂದಿನ ಯೋಚನೆ. ಕ್ಯೂಬಾದಲ್ಲಿ ಇದನ್ನ ಗಾಯದೊಳಗೇ ಇಂಜೆಕ್ಷನ್ ಕೊಡ್ತಾರೆ. ಭಾರತದಲ್ಲಿ ಜೆಲ್ ರೂಪದಲ್ಲಿ ಸಿಗುತ್ತೆ. ಅಮೆರಿಕ 1997ರಲ್ಲಿ ಒಪ್ಪಿದ್ದು ಇದೇ ಜಾತಿಯ ಇನ್ನೊಂದು ಜೆಲ್, ಬೆಕಾಪ್ಲರ್ಮಿನ್.

ಬೆಕಾಪ್ಲರ್ಮಿನ್‌ನ ಮುಖ್ಯ ಅಧ್ಯಯನದಲ್ಲಿ, ಔಷಧಿ ಇರೋ ಜೆಲ್ ಹಚ್ಚಿದವರಲ್ಲಿ 20 ವಾರದಲ್ಲಿ ಶೇ 50 ಜನರ ಹುಣ್ಣು ಪೂರ್ತಿ ಮುಚ್ಚಿತು. ಔಷಧಿ ಇಲ್ಲದ ಬರೀ ಜೆಲ್ ಹಚ್ಚಿದವರಲ್ಲಿ ಶೇ 35. ಈ ಲೆಕ್ಕ ಹೇಗೆ ಓದಬೇಕು ನೋಡಿ. "ಅರ್ಧ ಜನಕ್ಕೆ ವಾಸಿಯಾಯ್ತು" ಅಂದ್ರೆ ಅದು ಜಾಹೀರಾತು. ನೂರರಲ್ಲಿ 35 ಜನ ಔಷಧಿ ಇಲ್ಲದೆಯೂ ವಾಸಿಯಾಗ್ತಿದ್ದರು, ಔಷಧಿಯಿಂದ ಹೆಚ್ಚುವರಿ ಬಂದಿದ್ದು 15. ಅದು ಸಣ್ಣ ಲಾಭ ಅಲ್ಲ. ಆದರೆ ಆ ಅಧ್ಯಯನದಲ್ಲಿ ಎಲ್ಲರಿಗೂ ಸತ್ತ ಚರ್ಮ ಕತ್ತರಿಸಿ ತೆಗೆದಿದ್ದರು, ಎಲ್ಲರಿಗೂ ಕಾಲಿನ ಮೇಲಿನ ಭಾರ ಇಳಿಸೋಕೆ ಹೇಳಿದ್ದರು. ಜೆಲ್ ಅದರ ಮೇಲಿನ ಬಡ್ಡಿ. ಅಸಲೇ ಇಲ್ಲದಿದ್ದರೆ ಬಡ್ಡಿ ಎಲ್ಲಿಂದ ಬರಬೇಕು?

2023ರ ಅದೇ ಮಾರ್ಗಸೂಚಿ, ಮಧುಮೇಹಿಗಳ ಪಾದದ ಹುಣ್ಣಿಗೆ ಗ್ರೋತ್ ಫ್ಯಾಕ್ಟರ್ ಬಳಸದಿರೋದು ಒಳ್ಳೇದು ಅನ್ನೋ ಕಡೆಗೇ ಇದೆ. ನಮ್ಮ ದೊಡ್ಡಪ್ಪ ಏಳು ಟ್ಯೂಬು ಖಾಲಿ ಮಾಡಿದ್ರು. ಜೆಲ್ ಹಚ್ಚಿ, ಪಟ್ಟಿ ಕಟ್ಟಿಸಿಕೊಂಡು, ಅದೇ ಕಾಲಲ್ಲಿ ಮಂಡಿಗೆ ನಡೆದರು.

ನಮ್ಮದೇ ರಕ್ತ, ಮೀನಿನ ಚರ್ಮ

ಮೂರನೇ ದಾರಿ ರೋಗಿಯ ಸ್ವಂತ ರಕ್ತ. ರಕ್ತ ತೆಗೆದು ಯಂತ್ರದಲ್ಲಿ ಗಿರಗಿರ ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರೋ ಭಾಗ ಬೇರೆ ಮಾಡಿ ಗಾಯಕ್ಕೆ ಹಾಕೋದು. ಪಿಆರ್‌ಪಿ ಅನ್ನೋ ಹೆಸರು ಕೂದಲಿನ ಕ್ಲಿನಿಕ್ ಬೋರ್ಡುಗಳಲ್ಲಿ ನೋಡಿರ್ತೀರಿ, ಮೂಲ ಉಪಾಯ ಅದೇ. ಇದರ ಒಂದು ಸುಧಾರಿತ ರೂಪದಲ್ಲಿ ಬಿಳಿ ರಕ್ತಕಣ, ಪ್ಲೇಟ್‌ಲೆಟ್, ಫೈಬ್ರಿನ್ ಸೇರಿದ ಬಿಲ್ಲೆಯಂಥದ್ದನ್ನ ಗಾಯದ ಮೇಲಿಡ್ತಾರೆ. 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಾಸಿಯಾಗಲು ಹಟ ಮಾಡೋ ಹುಣ್ಣುಗಳನ್ನೇ ಆರಿಸಿಕೊಂಡಿದ್ದರು. 20 ವಾರದಲ್ಲಿ ಬಿಲ್ಲೆ ಇಟ್ಟವರಲ್ಲಿ ಶೇ 34, ಇಡದವರಲ್ಲಿ ಶೇ 22 ಮಂದಿ ವಾಸಿಯಾದರು.

ನಾಲ್ಕನೇದು ಬದಲಿ ಚರ್ಮ. ಪ್ರಯೋಗಾಲಯದಲ್ಲಿ ಮನುಷ್ಯರ ಜೀವಕೋಶ ಬೆಳೆಸಿ ಮಾಡಿದ ಎರಡು ಪದರದ ಚರ್ಮಕ್ಕೆ ಅಮೆರಿಕದಲ್ಲಿ 1998ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಐಸ್‌ಲ್ಯಾಂಡಿನ ಕೆರೆಸಿಸ್ ಅನ್ನೋ ಕಂಪನಿ ಕಾಡ್ ಮೀನಿನ ಚರ್ಮದಿಂದ ಜೀವಕೋಶಗಳನ್ನ ತೆಗೆದು, ಉಳಿದ ಜಾಲರಿಯನ್ನ ಗಾಯದ ಮೇಲಿಡೋ ವಿಧಾನ ಕಂಡುಕೊಂಡಿತು. ಆ ಜಾಲರಿ ಹಂದರ ಇದ್ದಂಗೆ. ನಮ್ಮ ಕೋಶಗಳು ಬಳ್ಳಿ ಥರ ಅದರ ಮೇಲೆ ಹಬ್ಬುತ್ತವೆ.

ಇಲ್ಲಿ ನನ್ನೊಳಗಿನ ಬಿ.ಕಾಂ. ಹುಡುಗ ಎದ್ದು ಕೂತ. ಡೆನ್ಮಾರ್ಕಿನ ಕೊಲೊಪ್ಲಾಸ್ಟ್ ಕಂಪನಿ ಆ ಕೆರೆಸಿಸನ್ನು 2023ರಲ್ಲಿ ಕೊಂಡುಕೊಂಡಿತು. ಒಪ್ಪಂದದ ಮೌಲ್ಯ ಗರಿಷ್ಠ 130 ಕೋಟಿ ಡಾಲರ್! ಒಣಗದ ಗಾಯ ಎಷ್ಟು ದೊಡ್ಡ ಮಾರುಕಟ್ಟೆ ಅನ್ನೋದಕ್ಕೆ ಇದೊಂದು ಲೆಕ್ಕ ಸಾಕು. ಭಾರತದಲ್ಲಿ ಮಧುಮೇಹ ಇರೋರ ಸಂಖ್ಯೆ 10.1 ಕೋಟಿ ಅಂತ ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಹೇಳಿತು. ಪೇಟೆಂಟ್ ಮಾಡಬಹುದಾದ, ಮಾರಬಹುದಾದ ವಸ್ತುವಿನ ಸುತ್ತ ದುಡ್ಡು ಓಡಾಡೋದು ಸಹಜ. "ಕಾಲಿನ ಮೇಲೆ ಭಾರ ಹಾಕಬೇಡಿ" ಅನ್ನೋ ಮಾತಿಗೆ ಪೇಟೆಂಟ್ ಇಲ್ಲ, ಅದನ್ನ ಮಾರೋಕೆ ಯಾವ ಪ್ರತಿನಿಧಿಯೂ ಬ್ಯಾಗು ಹಿಡಿದು ಡಾಕ್ಟರ ಬಾಗಿಲಿಗೆ ಹೋಗಲ್ಲ.

ಹೊಸ ಔಷಧಿ ನಿಜಕ್ಕೂ ಗೆದ್ದ ಕಡೆ

ಹಾಗಂತ ಹೊಸದೆಲ್ಲ ಬರೀ ವ್ಯಾಪಾರ ಅಂತ ನಾನು ಹೇಳ್ತಿಲ್ಲ. ಒಂದು ಉದಾಹರಣೆ ಕೊಡ್ತೀನಿ.

ಎಪಿಡರ್ಮೊಲೈಸಿಸ್ ಬುಲ್ಲೋಸಾ ಅನ್ನೋ ಅಪರೂಪದ ವಂಶವಾಹಿ ಕಾಯಿಲೆ ಇದೆ. ಅದರ ಒಂದು ಬಗೆಯಲ್ಲಿ, ಮೇಲ್ಪದರದ ಚರ್ಮವನ್ನ ಕೆಳಗಿನದಕ್ಕೆ ಹೊಲಿಗೆ ಹಾಕಿದಂತೆ ಹಿಡಿದಿಡೋ ಏಳನೇ ಬಗೆಯ ಕೊಲಾಜೆನ್ ದೇಹದಲ್ಲಿ ಸರಿಯಾಗಿ ತಯಾರಾಗಲ್ಲ. ಮಗುವನ್ನ ಎತ್ತಿಕೊಂಡರೆ ಸಾಕು, ಚರ್ಮ ಸುಲಿದು ಬೊಬ್ಬೆ ಏಳುತ್ತೆ. ಇದಕ್ಕೆ ಮೇ 2023ರಲ್ಲಿ ಅಮೆರಿಕ ಒಂದು ಜೆಲ್‌ಗೆ ಒಪ್ಪಿಗೆ ಕೊಟ್ಟಿತು, ಹೆಸರು ವೈಜುವೆಕ್. ತುಟಿಯ ಮೇಲೆ ಹುಣ್ಣು ತರಿಸೋ ಹರ್ಪಿಸ್ ವೈರಸ್ಸನ್ನ ಹಾನಿ ಮಾಡದಂತೆ ಬದಲಿಸಿ, ಅದರೊಳಗೆ ಆ ಕೊಲಾಜೆನ್‌ನ ಜೀನ್ ಇಟ್ಟಿದ್ದಾರೆ. ವಾರಕ್ಕೊಮ್ಮೆ ಗಾಯದ ಮೇಲೆ ಹನಿ ಹನಿಯಾಗಿ ಹಾಕ್ತಾರೆ. ಅಧ್ಯಯನದಲ್ಲಿ ಆರು ತಿಂಗಳ ಹೊತ್ತಿಗೆ ಈ ಜೆಲ್ ಹಾಕಿದ ಗಾಯಗಳಲ್ಲಿ ಶೇ 67, ಔಷಧಿ ಇಲ್ಲದ ಜೆಲ್ ಹಾಕಿದವುಗಳಲ್ಲಿ ಶೇ 22 ಪೂರ್ತಿ ಮುಚ್ಚಿದ್ದವು.

ಇಲ್ಲಿ ಯಾಕೆ ಇಷ್ಟು ಚೆನ್ನಾಗಿ ಕೆಲಸ ಆಯ್ತು? ಗಾಯಕ್ಕೆ ಕಾರಣ ಏನಿತ್ತೋ ಅದಕ್ಕೇ ಕೈ ಹಾಕಿದ್ದರಿಂದ. ಕೊಲಾಜೆನ್ ಇರಲಿಲ್ಲ, ಕೊಲಾಜೆನ್ ಮಾಡೋ ಜೀನ್ ಕೊಟ್ಟರು. ಹಾಗಾದ್ರೆ ಶುಗರ್ ಇರೋರ ಅಂಗಾಲಿನ ಹುಣ್ಣಿಗೆ ಕಾರಣ ಏನು?

ಹಳೇ ಪ್ಲಾಸ್ಟರ್

ಈ ಪ್ರಶ್ನೆಗೆ ಉತ್ತರ ನಮ್ಮ ಪಕ್ಕದಲ್ಲೇ, ಕುಷ್ಠರೋಗದ ವಾರ್ಡುಗಳಲ್ಲಿ ಸಿಕ್ಕಿತು. ತಮಿಳುನಾಡಿನ ಕೊಲ್ಲಿಮಲೆಯಲ್ಲಿ 1914ರಲ್ಲಿ ಹುಟ್ಟಿದ ಪಾಲ್ ಬ್ರ್ಯಾಂಡ್ ಅನ್ನೋ ಸರ್ಜನ್ ವೆಲ್ಲೂರಿನ ಸಿಎಂಸಿಯಲ್ಲಿ ಕುಷ್ಠರೋಗಿಗಳ ಕೈಕಾಲು ನೋಡ್ತಿದ್ದರು. ಕುಷ್ಠ ಬಂದ್ರೆ ಬೆರಳು ತಾನಾಗೇ ಕೊಳೆತು ಬೀಳುತ್ತೆ ಅಂತ ಜನ ನಂಬಿದ್ದ ಕಾಲ ಅದು. ಅವರು ತೋರಿಸಿಕೊಟ್ಟಿದ್ದು ಬೇರೆ: ರೋಗ ನರಗಳ ಸ್ಪರ್ಶಜ್ಞಾನ ಕಳೆಯುತ್ತೆ, ನೋವು ಗೊತ್ತಾಗದ ಮನುಷ್ಯ ಪೆಟ್ಟಾದ ಕಾಲನ್ನೇ ಊರಿ ಊರಿ ಹಾಳು ಮಾಡಿಕೊಳ್ತಾನೆ. ನಮಗೆ ಕಾಲಿಗೆ ಮುಳ್ಳು ಚುಚ್ಚಿದರೆ ಕುಂಟ್ತೀವಿ ಅಲ್ವಾ? ಆ ಕುಂಟೋದೇ ಮೊದಲನೇ ಚಿಕಿತ್ಸೆ. ನೋವಿಲ್ಲದವನು ಕುಂಟಲ್ಲ.

ಸಕ್ಕರೆ ಕಾಯಿಲೆಯೂ ಬರ್ತಾ ಬರ್ತಾ ಪಾದದ ನರಗಳಿಗೆ ಇದನ್ನೇ ಮಾಡುತ್ತೆ. ಒಂದೇ ಜಾಗಕ್ಕೆ ಒತ್ತಡ ಬಿದ್ದು ಚರ್ಮ ದಡ್ಡುಗಟ್ಟುತ್ತೆ, ಅದರ ಕೆಳಗೆ ಮಾಂಸ ಜಜ್ಜುತ್ತೆ, ಒಂದು ದಿನ ಬಾಯಿ ಬಿಡುತ್ತೆ. ದೊಡ್ಡಪ್ಪನಿಗೆ ಮೊಳೆ ನೆಪ. ಗಾಯವನ್ನ ಐದು ತಿಂಗಳು ಜೀವಂತವಾಗಿಟ್ಟಿದ್ದು ಪ್ರತಿ ಹೆಜ್ಜೆ.

ಹಾಗಾಗಿ ಈ ಹುಣ್ಣಿಗೆ ಮೊದಲ ಚಿಕಿತ್ಸೆ ಭಾರ ಇಳಿಸೋದು. ಅದರಲ್ಲಿ ಹೆಸರುವಾಸಿಯಾದದ್ದು ಟೋಟಲ್ ಕಾಂಟ್ಯಾಕ್ಟ್ ಕಾಸ್ಟ್. ಪಾದದಿಂದ ಮೊಣಕಾಲಿನ ಕೆಳಗಿನವರೆಗೆ ಅಚ್ಚುಕಟ್ಟಾಗಿ ಮೈಗಂಟಿದಂತೆ ಹಾಕೋ ಪ್ಲಾಸ್ಟರ್ ಇದು. ಹುಣ್ಣಿನ ಮೇಲೆ ಬೀಳ್ತಿದ್ದ ಭಾರ ಇಡೀ ಅಂಗಾಲಿಗೆ, ಮೀನಖಂಡಕ್ಕೆ ಹಂಚಿಹೋಗುತ್ತೆ. 1930ರ ದಶಕದಲ್ಲೇ ಭಾರತದಲ್ಲಿ ಜೋಸೆಫ್ ಖಾನ್ ಅನ್ನೋ ವೈದ್ಯರು ಕುಷ್ಠರೋಗಿಗಳ ಹುಣ್ಣಿಗೆ ಪ್ಲಾಸ್ಟರ್ ಹಾಕೋದರ ಬಗ್ಗೆ ಬರೆದಿದ್ದರು. ಪಾಲ್ ಬ್ರ್ಯಾಂಡ್ 1960ರ ದಶಕದಲ್ಲಿ ಅಮೆರಿಕಕ್ಕೆ ಹೋದಾಗ ಈ ವಿದ್ಯೆಯೂ ಅವರ ಜೊತೆ ಹೋಯ್ತು, ಅಲ್ಲಿ ಶುಗರ್ ರೋಗಿಗಳ ಕಾಲಿಗೆ ಬಂತು.

2001ರಲ್ಲಿ ಡೇವಿಡ್ ಆರ್ಮ್‌ಸ್ಟ್ರಾಂಗ್ ಮತ್ತು ಜೊತೆಗಾರರು 63 ರೋಗಿಗಳನ್ನ ಮೂರು ಗುಂಪು ಮಾಡಿ ನೋಡಿದರು. 12 ವಾರದಲ್ಲಿ ಹುಣ್ಣು ವಾಸಿಯಾಗಿದ್ದು ಹೀಗೆ: ಪ್ಲಾಸ್ಟರ್ ಹಾಕಿದವರಲ್ಲಿ ಶೇ 89.5. ಬೇಕಾದಾಗ ಬಿಚ್ಚಬಹುದಾದ ಬೂಟು ಕೊಟ್ಟವರಲ್ಲಿ ಶೇ 65. ಮುಂಗಾಲಿಗೆ ಭಾರ ಬೀಳದ ಅರ್ಧ ಬೂಟು ಕೊಟ್ಟವರಲ್ಲಿ ಶೇ 58.3. ಬೇರೆ ಬೇರೆ ಅಧ್ಯಯನದ ಅಂಕಿಗಳನ್ನ ಪಕ್ಕಪಕ್ಕ ಇಟ್ಟು ತೂಗೋದು ಸರಿಯಲ್ಲ, ರೋಗಿಗಳು ಬೇರೆ ಇರ್ತಾರೆ, ಅವಧಿಯೂ ಬೇರೆ. ಆದರೂ ಸುಣ್ಣದ ಪ್ಲಾಸ್ಟರ್ ಯಾವ ಹೊಸ ಜೆಲ್‌ಗೂ ತಲೆ ತಗ್ಗಿಸಬೇಕಿಲ್ಲ ಅನ್ನೋದಂತೂ ಕಾಣುತ್ತೆ.

ಬಿಚ್ಚೋ ಬೂಟಿಗಿಂತ ಪ್ಲಾಸ್ಟರ್ ಯಾಕೆ ಮೇಲು? ಅದೇ ತಂಡ 2003ರಲ್ಲಿ ಬೂಟಿನಲ್ಲೂ ರೋಗಿಗಳ ಸೊಂಟದಲ್ಲೂ ಹೆಜ್ಜೆ ಎಣಿಸೋ ಸಾಧನ ಇಟ್ಟು ನೋಡಿತು. ಜನ ಬೂಟು ಹಾಕಿಕೊಂಡು ಇಟ್ಟ ಹೆಜ್ಜೆ ಒಟ್ಟು ಹೆಜ್ಜೆಗಳಲ್ಲಿ ಶೇ 28 ಮಾತ್ರ. ಮನೆಯೊಳಗೆ ತಾನೇ, ಬಚ್ಚಲಿಗೆ ತಾನೇ, ಅಂತ ಬಿಚ್ಚಿಟ್ಟು ಓಡಾಡ್ತಿದ್ದರು. ಪ್ಲಾಸ್ಟರನ್ನ ಹಾಗೆ ಬಿಚ್ಚಿಡೋಕಾಗಲ್ಲ. ಅದರ ಗುಟ್ಟು ಅಷ್ಟೇ.

ಎಲ್ಲರಿಗೂ ಪ್ಲಾಸ್ಟರ್ ಹಾಕುವಂತಿಲ್ಲ, ಇದು ಮುಖ್ಯ. ಕಾಲಿಗೆ ರಕ್ತ ಸರಿಯಾಗಿ ಹೋಗದಿದ್ದರೆ, ಒಳಗೆ ಸೋಂಕು ಜೋರಾಗಿದ್ದರೆ ಅಪಾಯ. ಕಲಿತವರೇ ಹಾಕಬೇಕು, ವಾರಕ್ಕೊಮ್ಮೆ ಬಿಚ್ಚಿ ನೋಡಿ ಹೊಸದು ಹಾಕಬೇಕು. ಅದಾಗದ ಕಡೆ ನಮ್ಮ ದೇಶದ ಸರ್ಜನ್‌ಗಳೇ ಅಗ್ಗದ ದಾರಿ ಮಾಡಿಕೊಂಡಿದ್ದಾರೆ. 'ಸಮಾಧಾನ್' ಅನ್ನೋ ವಿಧಾನದಲ್ಲಿ ಫೋಮನ್ನ ಸುರುಳಿ ಸುತ್ತಿ, ಹುಣ್ಣು ನೆಲಕ್ಕೆ ತಾಗದಂತೆ ಪಾದಕ್ಕೆ ಕಟ್ತಾರೆ. ಬೆಂಗಳೂರಿನಲ್ಲಿ ಸರ್ಕಾರದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರಿನಾಲಜಿ ಅಂಡ್ ರಿಸರ್ಚ್‌ನಲ್ಲಿ ಪಾದಕ್ಕೇ ಅಂತ ಪ್ರತ್ಯೇಕ ವಿಭಾಗ ಇದೆ.

ಬಿಲ್ಲಿನಲ್ಲಿ ಇಲ್ಲದ ಖರ್ಚು

ದೊಡ್ಡಪ್ಪನಿಗೆ ಸೋಂಕು ಇಳಿದ ಮೇಲೆ, ಡಾಪ್ಲರ್ ಮಾಡಿ ರಕ್ತ ಹರೀತಿದೆ ಅಂತ ಖಾತ್ರಿ ಮಾಡಿಕೊಂಡು ಪ್ಲಾಸ್ಟರ್ ಹಾಕಿದರು. ಒಂಬತ್ತು ವಾರ. ವಾರಕ್ಕೊಂದು ಸಲ ಬದಲಾಯಿಸೋಕೆ ಹೋಗಬೇಕು. ನಾನು ಕೂತು ಲೆಕ್ಕ ಹಾಕಿದೆ. ಒಂಬತ್ತು ಪ್ಲಾಸ್ಟರಿನ ಒಟ್ಟು ಖರ್ಚು ನಾವು ಜೆಲ್ಲಿಗೆ ಸುರಿದ ದುಡ್ಡಿನ ಅರ್ಧಕ್ಕಿಂತ ಕಡಿಮೆ. ಮೊದಲೇ ಹಾಕಿಸಿದ್ದರೆ ಎರಡು ಬೆರಳೂ ಉಳೀತಿದ್ವೇನೋ ಅಂತ ಅನ್ನಿಸದ ದಿನ ಇಲ್ಲ.

ಆದರೆ ಲೆಕ್ಕ ಅಲ್ಲಿಗೇ ಮುಗಿಯಲಿಲ್ಲ. ಪ್ಲಾಸ್ಟರ್ ಹಾಕಿದ ಮೂರನೇ ವಾರ ದೊಡ್ಡಪ್ಪ ಫೋನ್ ಮಾಡಿ, "ಈ ಕಾಲು ಹಿಂಗೆ ಕಟ್ಟಿ ಕೂರಿಸಿದ್ರೆ ಮಂಡಿ ಯಾರೋ ನೋಡ್ಕೊಳ್ಳೋರು?" ಅಂದರು. ಸಿಟ್ಟಿನಲ್ಲಿ ಕೇಳಿದ್ದಲ್ಲ, ನಿಜವಾಗ್ಲೂ ಕೇಳಿದ್ದು. ಭಾರ ಇಳಿಸೋ ಚಿಕಿತ್ಸೆ ಬಿಲ್ಲಿನಲ್ಲಿ ಅಗ್ಗ, ಬದುಕಿನಲ್ಲಿ ದುಬಾರಿ. ಒಂಬತ್ತು ವಾರದ ವ್ಯಾಪಾರ ಯಾವ ರಸೀದಿಯಲ್ಲೂ ಬರಲ್ಲ, ಯಾವ ಇನ್ಶೂರೆನ್ಸೂ ಅದನ್ನ ತುಂಬಿಕೊಡಲಿಲ್ಲ. ಅವರಿಗೆ ಅಂಗಡಿ ಇದೆ, ತಮ್ಮಂದಿರಿದ್ದಾರೆ, ಹೇಗೋ ನಡೀತು. ದಿನಗೂಲಿಗೆ ಮೂಟೆ ಹೊರೋ ಮನುಷ್ಯನಿಗೆ "ಎರಡು ತಿಂಗಳು ಕಾಲೂರಬೇಡ" ಅಂದ್ರೆ ಅವನು ಜೆಲ್ಲನ್ನೇ ಆರಿಸಿಕೊಳ್ತಾನೆ, ಯಾಕಂದ್ರೆ ಜೆಲ್ ಹಚ್ಚಿಕೊಂಡು ಕೆಲಸಕ್ಕೆ ಹೋಗಬಹುದು. ಹಾಗಾಗಿ ಮನೆಯವರು ಸಹಾಯ ಮಾಡೋದಾದರೆ ಔಷಧಿಗೆ ದುಡ್ಡು ಕಳಿಸೋದಷ್ಟೇ ಸಾಲದು. ಆ ಎರಡು ತಿಂಗಳು ಅವರ ಕೆಲಸವನ್ನ ಯಾರು ಹೊರ್ತಾರೆ ಅಂತ ಕೂತು ಮಾತಾಡಬೇಕು. ನಾನು ಫೋನಿನಲ್ಲೇ ದುಡ್ಡು ಹಾಕಿ, ನನ್ನ ಕರ್ತವ್ಯ ಮುಗೀತು ಅಂದ್ಕೊಂಡಿದ್ದೆ. ಆಮೇಲೆ ಐದು ಶನಿವಾರ ಮಂಡಿಯಲ್ಲಿ ಕೂತು ತೂಕದ ಚೀಟಿ ಬರೆದೆ. ಏಳು ಟ್ಯೂಬಿಗಿಂತ ಅದೇ ಉಪಯೋಗಕ್ಕೆ ಬಂತು ಅನ್ಸುತ್ತೆ.

ಡಾಕ್ಟರ ಹತ್ರ ಏನು ಕೇಳಬೇಕು?

ನಿಮ್ಮ ಮನೆಯಲ್ಲಿ ಯಾರಿಗಾದರೂ ಇಂಥ ಗಾಯ ಇದ್ದರೆ ಐದು ಪ್ರಶ್ನೆ ಬರೆದಿಟ್ಟುಕೊಳ್ಳಿ.

ಒಂದು, ಕಾಲಿಗೆ ರಕ್ತ ಸರಿಯಾಗಿ ಹೋಗ್ತಿದೆಯಾ, ಪರೀಕ್ಷೆ ಮಾಡಿದ್ದೀರಾ? ರಕ್ತನಾಳ ಕಟ್ಟಿಕೊಂಡಿದ್ದರೆ ಮೊದಲು ಅದನ್ನ ಬಿಡಿಸಬೇಕು.

ಎರಡು, ಸೋಂಕು ಮೂಳೆವರೆಗೆ ಹೋಗಿದೆಯಾ? ಎಕ್ಸ್‌ರೇ ಬೇಕಾ?

ಮೂರು, ಸತ್ತ ಚರ್ಮ, ದಡ್ಡು ಎಲ್ಲ ಕತ್ತರಿಸಿ ತೆಗೆದಿದ್ದಾರಾ? ಮೇಲೆ ಮೇಲೆ ಒರೆಸಿ ಪಟ್ಟಿ ಕಟ್ಟೋದು ಬೇರೆ, ಇದು ಬೇರೆ.

ನಾಲ್ಕು, ಈ ಗಾಯದ ಮೇಲೆ ಭಾರ ಬೀಳದಂತೆ ಏನು ವ್ಯವಸ್ಥೆ? 'ಜಾಸ್ತಿ ನಡೀಬೇಡಿ' ಅನ್ನೋದು ವ್ಯವಸ್ಥೆ ಅಲ್ಲ. ಪ್ಲಾಸ್ಟರಾ, ಬೂಟಾ, ಫೋಮಾ, ಸ್ಪಷ್ಟವಾಗಿ ಕೇಳಿ.

ಐದು, ಶುಗರ್ ಎಷ್ಟಿದೆ? ಅದನ್ನ ಹತೋಟಿಗೆ ತರೋಕೆ ಯಾರು ನೋಡ್ತಿದ್ದಾರೆ?

ಈ ಐದಕ್ಕೂ ಉತ್ತರ ಸಿಕ್ಕಿ, ಎಲ್ಲ ಸರಿಯಾಗಿ ಮಾಡಿದ ಮೇಲೂ ನಾಲ್ಕು ವಾರದಲ್ಲಿ ಗಾಯದ ಅಳತೆ ಅರ್ಧಕ್ಕೆ ಇಳಿಯಲಿಲ್ಲ ಅಂದ್ರೆ, ಆಗ ಹೊಸ ಚಿಕಿತ್ಸೆಗಳ ಮಾತು ತೆಗೆಯೋದು ನ್ಯಾಯ. ಪ್ಲೇಟ್‌ಲೆಟ್ ಬಿಲ್ಲೆ, ಬದಲಿ ಚರ್ಮ ಇವುಗಳ ಜಾಗ ಅದು. ಪ್ರತಿ ವಾರ ಗಾಯದ ಪಕ್ಕ ಒಂದು ಸ್ಕೇಲ್ ಇಟ್ಟು ಫೋಟೊ ತೆಗೀರಿ. ಚಿಕ್ಕದಾಗ್ತಿದೆಯೋ ಇಲ್ಲವೋ ಅನ್ನೋ ಲೆಕ್ಕ ನಿಮ್ಮ ಕೈಯಲ್ಲೇ ಇರಲಿ.

ಕೊನೇದಾಗಿ ಒಂದು ಮಾತು. ಮಧುಮೇಹಿಗಳ ಪಾದದ ಹುಣ್ಣು ವಾಸಿಯಾದ ಮೇಲೂ ಒಂದು ವರ್ಷದೊಳಗೆ ನೂರರಲ್ಲಿ ಸುಮಾರು 40 ಜನರಿಗೆ ಮತ್ತೆ ಬರುತ್ತೆ. ಹಾಗಾಗಿ ದೊಡ್ಡಪ್ಪ ಈಗ ಮೊಳೆ ಹೊಡೆಯದ, ಮೆತ್ತನೆ ಎಂಸಿಆರ್ ಅಟ್ಟೆಯ ಚಪ್ಪಲಿ ಹಾಕ್ತಾರೆ, ಮನೆಯೊಳಗೂ ಬಿಚ್ಚಲ್ಲ. ಕಾಲಿಗೆ ಹಾಕೋ ಮುಂಚೆ ಚಪ್ಪಲಿಯೊಳಗೆ ಕೈಯಾಡಿಸಿ ನೋಡ್ತಾರೆ. ರಾತ್ರಿ ಊಟ ಆದ ಮೇಲೆ ದೊಡ್ಡಮ್ಮ ಕನ್ನಡಕ ಹಾಕ್ಕೊಂಡು ಅವರ ಎರಡೂ ಅಂಗಾಲು ನೋಡ್ತಾರೆ. "ಇದೊಂದು ಬಾಕಿ ಇತ್ತು" ಅಂತ ಅವರು ಗೊಣಗ್ತಾರೆ, ಆದರೂ ಕಾಲು ಚಾಚ್ತಾರೆ.

ನಿಮ್ಮ ಮನೆಯಲ್ಲೂ ಶುಗರ್ ಇರೋ ಹಿರಿಯರು ಇದ್ದರೆ ಇವತ್ತು ರಾತ್ರಿ ಅವರ ಪಾದ ಒಮ್ಮೆ ನೋಡಿ. ಎರಡು ನಿಮಿಷ ಸಾಕು. ನೋವಿದೆಯಾ ಅಂತ ಕೇಳಿ ಸುಮ್ಮನಾಗಬೇಡಿ. ಕಣ್ಣಲ್ಲೇ ನೋಡಿ.

ಮುಂದಿನ ಸಂಚಿಕೆಯಲ್ಲಿ ಮತ್ತೆ ನಮ್ಮ ದುಡ್ಡಿನ ವಿಷಯಕ್ಕೆ ಬರೋಣ: ಆರೋಗ್ಯ ವಿಮೆಯಲ್ಲಿ ಡ್ರೆಸ್ಸಿಂಗ್ ಖರ್ಚು ಯಾಕೆ ಸಿಗಲ್ಲ ಅನ್ನೋದರ ಬಗ್ಗೆ. ಅಲ್ಲಿವರೆಗೆ, ನಮಸ್ಕಾರ.